ಹಿಂದಕ್ಕೆ ಎಳೆದರೆ ಮುಂದಕ್ಕೆ

ಹೋದ ತಿಂಗಳು ಮೊಮ್ಮಗಳ ಮನೆಗೆಂದು ಹೊರಟು ನಂಗಲಿಯಲ್ಲಿ ಬಸ್ಸಿಳಿದೆ. ಬಿಸಿಲು ಜೋರಾಗಿತ್ತು. ರಸ್ತೆ ಪಕ್ಕ ಲಾರಿಗಳು ಸಾಲಾಗಿ ನಿಂತಿದ್ದವು. ಬಾಯಿ ಒಣಗಿತ್ತು. ಕಬ್ಬಿನ ಹಾಲು ಮಾರುವವನ ಹತ್ತಿರ ಹೋಗಿ ಒಂದು ಲೋಟ ಕೊಡಪ್ಪ ಅಂದೆ. ಅವನು ಬಗ್ಗಿ ಎಂಜಿನ್ನಿನ ಹಗ್ಗ ಎಳೆದ. ಮೊದಲ ಸಲ ಕೆಮ್ಮಿತು, ಎರಡನೆಯ ಸಲ ಹತ್ತಿಕೊಂಡಿತು. ಪೆಟ್ರೋಲಿನ ವಾಸನೆ ಬಂತು, ಅದರ ಹಿಂದೆಯೇ ಹಸಿರು ಜಜ್ಜಿದ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಹೊಡೆದವು. ಲೋಟ ಮುಟ್ಟದೆ ಹಿಂದೆ ಸರಿದೆ.

"ಯಾಕಜ್ಜಿ, ನಿಂಬೆಹಣ್ಣು ಹಿಂಡ್ಲಾ?" ಅಂದ.

"ಬ್ಯಾಡಪ್ಪ, ನೀನೇ ಕುಡ್ಕೊ" ಅಂದು ದುಡ್ಡು ಇಟ್ಟು ನಡೆದೆ.

ಮನೆಗೆ ಹೋದ ಮೇಲೆ ಮೊಮ್ಮಗಳು ಮುಖ ನೋಡಿ ಏನಾಯಿತಜ್ಜಿ ಅಂತ ಕೇಳಿದಳು. ಬಿಸಿಲು ಅಂದೆ. ನಿಜ ಹೇಳಬೇಕಾದರೆ ಆ ವರ್ಷವನ್ನೆಲ್ಲ ಹೇಳಬೇಕಾಗುತ್ತದೆ, ಅವಳು ಬಸುರಿ. ಅವಳಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಊರು ಟೇಕಲ್ ಬೆಟ್ಟದ ಮಗ್ಗುಲಲ್ಲಿದೆ. ಆಗ ಮನೆಯಲ್ಲಿ ನಾವು ಮೂವರು. ನಾನು, ನನ್ನ ಮೈದುನ ಚೌಡಪ್ಪ, ಅವನ ಹೆಂಡತಿ ರತ್ನ. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದೆ. ರತ್ನನಿಗೆ ಮಕ್ಕಳಿರಲಿಲ್ಲ. ಒಂದೇ ಒಲೆ, ಎರಡು ಎಕರೆ ರೇಷ್ಮೆ ಸೊಪ್ಪಿನ ತೋಟ, ಹುಳ ಸಾಕುವ ಮನೆ ಒಂದು. ಚೌಡಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಎಂಜಿನ್ನು ಬಿಚ್ಚಲು ಕೂತರೆ ಊಟ ಮರೆಯುವವನು.

ರತ್ನ ಆಂಧ್ರದ ಗಡಿಯ ಆಚೆಯವಳು. ಕನ್ನಡ ಕಲಿತಳು, ಆದರೆ ಹೆದರಿಕೆಯ ಮಾತು ಬಂದಾಗಲೆಲ್ಲ ತೆಲುಗಿಗೇ ಹೋಗುತ್ತಿದ್ದಳು. "ಏಂ ಕಾದುಲೇ ಅಕ್ಕಾ" ಅನ್ನುವಳು. ಏನೂ ಆಗಲ್ಲ ಬಿಡು ಅಂತ. ಹಾಲು ಉಕ್ಕಿದರೂ ಅದೇ, ಹುಳಕ್ಕೆ ರೋಗ ಬಂದರೂ ಅದೇ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಏನೂ ಆಗಲ್ಲ ಅಂತ ಇವಳಿಗೆ ಯಾರು ಹೇಳಿದರು?

ಆ ವರ್ಷಕ್ಕೆ ಮುಂಚೆ ಅವಳು ಹುಳದ ಮನೆಯ ಅಟ್ಟಣಿಗೆಯ ಮೇಲಿಂದ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಕೋಲಾರದಲ್ಲಿ ರಾಡು ಹಾಕಿದರು. ಕೋಲು ಹಿಡಿದು ಬಚ್ಚಲ ತನಕ ಹೋಗುವಳು, ಅಷ್ಟೇ. ತೋಟ ಮನೆಯಿಂದ ಮೂರು ಹೊಲ ದಾಟಿ ಇದೆ. ಜಗಲಿಯ ಮೇಲೆ ಕೂತು ತೋಟದ ದಿಕ್ಕಿಗೆ ನೋಡುತ್ತಾ ಕೂರುವಳು. ತಿನ್ನುವುದು ಕಡಿಮೆಯಾಯಿತು. ಒಂದು ದಿನ ನನ್ನ ಹತ್ತಿರ, "ಅಕ್ಕಾ, ಸೊಪ್ಪು ಕುಯ್ಯಕ್ಕಾಗ್ದೆ ಹೋದ್ರೆ ನಂಗೆ ಬದುಕಿರೋದು ಬ್ಯಾಡ" ಅಂದಳು. ಅಳಲಿಲ್ಲ. ಮಾಮೂಲಿ ಮಾತಿನ ಹಾಗೆ ಅಂದಳು. ನಾನು ಬೈದೆ. ಒಳಗೆ ಹೆದರಿಕೆಯಾಯಿತು. ಚೌಡಪ್ಪನಿಗೆ ಹೇಳಿದೆ.

ಅವನು ಮೋಟಾರು ರಿಪೇರಿಗೆ ಹೋಗುತ್ತಿದ್ದ ಕಡೆ ಒಂದು ಗಾಲ್ಫ್ ಮೈದಾನ ಇತ್ತು. ದೊಡ್ಡವರು ಚೆಂಡು ಹೊಡೆಯುವ ಹುಲ್ಲು. ಅಲ್ಲಿ ಬ್ಯಾಟರಿ ಗಾಡಿಗಳು ಬಂದ ಮೇಲೆ ಹಳೇ ಪೆಟ್ರೋಲ್ ಗಾಡಿಗಳನ್ನು ಷೆಡ್ಡಿನ ಹಿಂದೆ ತಳ್ಳಿದ್ದರಂತೆ. ಅದರಲ್ಲೊಂದನ್ನು ಚೌಡಪ್ಪ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಊರಿನವರೆಲ್ಲ ನೋಡಲು ಬಂದರು. ಬಾಗಿಲಿಲ್ಲ, ಮೇಲೊಂದು ಚಪ್ಪರ, ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ಹಿಮ್ಮುಖವಾಗಿ ಕೂರುವ ಇನ್ನೊಂದು ಸೀಟು. ಕಾಲಲ್ಲಿ ತುಳಿದರೆ ಎಂಜಿನ್ನು ತಾನೇ ಹತ್ತುವುದು. ಕಾಲೆತ್ತಿದರೆ ತಾನೇ ಆರುವುದು. ನಿಂತರೆ ಸದ್ದೇ ಇಲ್ಲ. ಸೀಟಿನ ಕೆಳಗೆ ಒಂದು ಹಿಡಿ. ಮುಂದಕ್ಕೆ ತಳ್ಳಿದರೆ ಗಾಡಿ ಮುಂದಕ್ಕೆ, ಹಿಂದಕ್ಕೆ ಎಳೆದರೆ ಹಿಂದಕ್ಕೆ. ಹಿಂದಕ್ಕೆ ಎಳೆದ ತಕ್ಷಣ ಯಾರಾದರೂ ಹಿಂದಿದ್ದರೆ ಸರಿಯಲಿ ಅಂತ ಪೀಂ ಪೀಂ ಅಂತ ಕೂಗುತ್ತಿತ್ತು.

ರತ್ನ ಎರಡು ದಿನಕ್ಕೆ ಕಲಿತಳು. ನಾನು ನಾಲ್ಕು ದಿನಕ್ಕೆ. ಮೂರನೇ ದಿನ ಬೆಳಗ್ಗೆ ಅವಳೇ ಓಡಿಸಿಕೊಂಡು ತೋಟಕ್ಕೆ ಹೋದಳು. ಸೀಟಿನ ಮೇಲೆ ಕೂತೇ ಕೈಗೆ ಸಿಕ್ಕ ಗಿಡದ ಸೊಪ್ಪು ಕುಯ್ದಳು. ಅವತ್ತು ಎರಡು ಮುದ್ದೆ ತಿಂದಳು. ನಾನು ಓಡಿಸುವ ದಿನ ಅವಳು ಹಿಂದಿನ ಸೀಟಿನಲ್ಲಿ ಕೂತರೆ ಗುಂಡಿ ಬಂದಾಗ ಸೊಂಟ ಎಗರುತ್ತಿತ್ತು. ಅದಕ್ಕೆ ನಾನು ಟವೆಲ್ಲು ಸುತ್ತಿ ಸೀಟಿನ ಕಂಬಿಗೆ ಕಟ್ಟುತ್ತಿದ್ದೆ. ಎರಡು ಸುತ್ತು, ಮೇಲೆ ಗಂಟು. "ಕೂಸು ಕಟ್ದಂಗೆ ಕಟ್ತೀಯಲ್ಲಕ್ಕಾ" ಅಂತ ನಗುವಳು.

ಅದೇ ಬೇಸಿಗೆಯಲ್ಲಿ ತೋಟದ ತುದಿಗೆ ಕೃಷಿ ಹೊಂಡ ತೋಡಿಸಿದೆವು. ಸರ್ಕಾರದ ಯೋಜನೆ. ಜೆಸಿಬಿ ಬಂದು ಎರಡಾಳು ಆಳ ತೋಡಿ, ನಾಲ್ಕು ಕಡೆ ಇಳಿಜಾರು ಮಾಡಿ, ಕರೀ ಪ್ಲಾಸ್ಟಿಕ್ ಹಾಸಿ ಹೋಯಿತು. ತೋಟದ ದಾರಿ ಸೀದಾ ಹೊಂಡದ ಬದುವಿಗೆ ಹೋಗಿ ನಿಲ್ಲುತ್ತದೆ. ಗಾಡಿ ತಿರುಗಿಸಲು ಗಟ್ಟಿ ನೆಲ ಇದ್ದದ್ದು ಅಲ್ಲೊಂದೇ. ಹೋಗುವುದು, ಹಿಂದೆ ಮುಂದೆ ಮಾಡಿ ಮೂತಿಯನ್ನು ಮನೆ ಕಡೆ ತಿರುಗಿಸುವುದು, ಹೊಂಡಕ್ಕೆ ಬೆನ್ನು ಮಾಡಿ ನಿಲ್ಲಿಸಿ ಸೊಪ್ಪು ತುಂಬುವುದು. ಇದು ದಿನದ ಕೆಲಸ.

ಸುತ್ತ ಕಲ್ಲು ಕಂಬ ನೆಟ್ಟು ತಂತಿ ಎಳೆಯಬೇಕು ಅಂತ ನಾನು ಮೊದಲ ದಿನವೇ ಹೇಳಿದೆ. ಟೇಕಲ್‌ನ ಕಲ್ಲು ಕುಟ್ಟುವವರಿಂದ ಕಂಬಗಳೂ ಬಂದವು. ಬಂದು ಬದುವಿನ ಪಕ್ಕ ಮಲಗಿದವು.

"ನೆಡೋದ್ಯಾವಾಗ್ಲಾ?"

"ನೆಡ್ತೀನಿ ಅತ್ತಿಗೆ. ನೆಲ ಕಲ್ಲಾಗೈತೆ, ಒಂದು ಮಳೆ ಬೀಳ್ಲಿ."

ಮಳೆ ಬಿತ್ತು. ಆಗ ಕೇಳಿದರೆ, "ನೆಲ ಮೆತ್ತಗಾಗೈತೆ, ಕಂಬ ನಿಲ್ಲಲ್ಲ. ಮಳೆ ನಿಲ್ಲಲಿ" ಅಂದ.

ಶ್ರಾವಣದಲ್ಲಿ ಪಕ್ಕದ ಪಾಪಮ್ಮನ ಮೇಕೆ ಹೊಂಡಕ್ಕೆ ಬಿತ್ತು. ನಾವು ನೋಡುವ ಹೊತ್ತಿಗೆ ಉಬ್ಬಿತ್ತು. ನೀರಿನ ಅಂಚಿನ ಮೇಲೆ ಪ್ಲಾಸ್ಟಿಕ್ಕಿನ ಉದ್ದಕ್ಕೂ ಗೊರಸಿನ ಗೀರುಗಳು. ಒಂದೇ ಜಾಗದಲ್ಲಿ ಅಲ್ಲ, ನಾಲ್ಕು ಕಡೆಯೂ. ಮೇಕೆ ಸುತ್ತಿ ಸುತ್ತಿ ಹತ್ತಲು ನೋಡಿತ್ತು. ಚೌಡಪ್ಪ ಅವತ್ತೇ ಒಂದು ಮೂಲೆಯ ಗೂಟಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಟ್ಟ. ಒಂದು ಮೂಲೆಗೆ ಮಾತ್ರ. ರತ್ನ ಗಾಡಿಯಲ್ಲಿ ಕೂತು ಆ ಗೀರುಗಳನ್ನು ನೋಡಿದಳು. ಏಂ ಕಾದು ಅನ್ನಲಿಲ್ಲ ಅವತ್ತು.

ಎಂಜಿನ್ನು ಕೆಟ್ಟದ್ದೂ ಶ್ರಾವಣದಲ್ಲೇ. ಮೊದಲು ಏರಿನಲ್ಲಿ ದಮ್ಮು ಕಟ್ಟಿತು. ಆಮೇಲೆ ನೀಲಿ ಹೊಗೆ ಬಿಡಲು ಶುರುಮಾಡಿತು. ಎಂಜಿನ್ನು ಇರುವುದು ಹಿಂದಿನ ಸೀಟಿನ ಅಡಿಯಲ್ಲಿ, ಸೊಪ್ಪು ತುಂಬುವುದೂ ಅಲ್ಲೇ. ಸೊಪ್ಪೆಲ್ಲ ಸುಟ್ಟ ಆಯಿಲ್ ವಾಸನೆ. ನಾನು ಮೂಸಿ ನೋಡಿ, ಇದನ್ನು ಹುಳಕ್ಕೆ ಹಾಕಬೇಡ ಅಂದೆ. ರತ್ನ ಕೇಳಲಿಲ್ಲ. ಒದರಿ ಹಾಕಿದರೆ ಹೋಗುತ್ತದೆ ಅಂದಳು.

ಹುಳಕ್ಕೆ ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಬಿಟ್ಟು ಎರಡು ದಿನವಾಗಿತ್ತು. ತಿನ್ನುವ ಕಾಲ. ಹುಳದ ಮನೆಯೊಳಗೆ ಹೋದರೆ ಮಳೆ ಬಿದ್ದ ಹಾಗೆ ಸದ್ದಿರಬೇಕು. ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಸದ್ದಿಲ್ಲ. ಹುಳಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಒಂದು ತಟ್ಟೆಯಲ್ಲ, ಎಲ್ಲ ತಟ್ಟೆಯಲ್ಲೂ. ಆ ಬೆಳೆ ಪೂರ್ತಿ ತಿಪ್ಪೆಗೆ ಹೋಯಿತು. ಪೆಟ್ರೋಲು ಮತ್ತು ಹಸಿರು ಸೇರಿದ ವಾಸನೆ ಮೊದಲು ನನ್ನ ಮೂಗಿಗೆ ಕೂತಿದ್ದು ಅವತ್ತು.

ನಾನು ಚೌಡಪ್ಪನಿಗೆ ಗಾಡಿಯನ್ನು ಗುಜರಿಯವನ ತೂಕಕ್ಕೆ ಹಾಕು ಅಂದೆ. ರತ್ನ ಜಗಲಿಗೆ ಹೋಗಿ ತೋಟದ ದಿಕ್ಕಿಗೆ ಮುಖ ಮಾಡಿ ಕೂತಳು. ರಾತ್ರಿ ಮುದ್ದೆ ಮುಟ್ಟಲಿಲ್ಲ. ಅವಳ ಮುಖ ನೋಡಿ ಚೌಡಪ್ಪ ಮಾರನೆಯ ದಿನವೇ ಎಂಜಿನ್ನು ಬಿಚ್ಚಲು ಕೂತ.

ಮನೆ ಮುಂದಿನ ಹೊಂಗೆ ಮರದ ಕೊಂಬೆಗೆ ಚೈನು ಹಾಕಿ ಎಂಜಿನ್ನನ್ನು ಮೇಲಕ್ಕೆ ಎಳೆದ. ಸತ್ತ ಪ್ರಾಣಿಯ ಹಾಗೆ ನೇತಾಡಿತು. ಮೇಲಿನ ಮುಚ್ಚಳ ಬಿಚ್ಚಿ ನನ್ನ ಬೆರಳು ಹಿಡಿದು ಒಳಗೆ ಸವರಿಸಿದ. ಕೊಳವೆ ಗೀಚಿ ಹೋಗಿತ್ತು.

"ರಿಂಗು ಸವೆದು ಗೋಡೆ ತಿಂದ್‌ಬಿಟ್ಟೈತೆ. ಬೋರ್ ಮಾಡಿಸಬೇಕು."

ಮಾಲೂರಿನ ಲೇತ್ ಅಂಗಡಿಗೆ ಹೊತ್ತುಕೊಂಡು ಹೋದ. ಕೊರೆದು ಕೊಡ್ತೀವಿ, ಆದರೆ ಆ ಅಳತೆಯ ಪಿಸ್ಟನ್ ಈ ದೇಶದಲ್ಲೇ ಸಿಗಲ್ಲ ಅಂದರಂತೆ ಅವರು. ಹೊರದೇಶದ ಎಂಜಿನ್ನು. ಚೌಡಪ್ಪ ಹಾಗೇ ವಾಪಸ್ ಬಂದ. ಎರಡು ದಿನ ಮರದ ಕೆಳಗೆ ಬೀಡಿ ಸೇದುತ್ತಾ ಕೂತ. ಮೂರನೇ ದಿನ ಪಂಪ್ ಷೆಡ್ಡಿಗೆ ಹೋಗಿ, ಕರೆಂಟ್ ಹೋದಾಗ ನೀರೆತ್ತಲು ಇಟ್ಟಿದ್ದ ಹಗ್ಗ ಎಳೆಯುವ ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ತಂದ.

"ಪಂಪಿಂದು ಇದಕ್ಕೆ ಕೂರ್ತದೇನೋ?"

"ಕೂರಿಸಿದ್ರೆ ಕೂರ್ತದೆ ಅತ್ತಿಗೆ."

ಹತ್ತು ದಿನ ಅದೇ ಕೆಲಸ. ಕಬ್ಬಿಣದ ಹಲಗೆ ತಂದು ತೂತು ಹೊಡೆದು ಹೊಸ ಎಂಜಿನ್ನಿಗೆ ಪೀಠ ಮಾಡಿದ. ಶಾಫ್ಟು ಸಣ್ಣದಾಯಿತು ಅಂತ ಮಾಲೂರಿನಲ್ಲಿ ಅದಕ್ಕೊಂದು ಬಳೆ ಕಡೆಸಿದ. ಬೆಲ್ಟು ನೇರವಿದೆಯೋ ಇಲ್ಲವೋ ನೋಡಲು ನನ್ನ ಹೂ ಕಟ್ಟುವ ದಾರ ತೆಗೆದುಕೊಂಡು ಎರಡು ಗಾಲಿಗೆ ಎಳೆದು ಕಟ್ಟಿದ. ಒಂದು ಕಣ್ಣು ಮುಚ್ಚಿ ನೋಡುವನು, ಸುತ್ತಿಗೆಯಲ್ಲಿ ತಟ್ಟುವನು, ಮತ್ತೆ ನೋಡುವನು. ಕೆಲಸ ಶುದ್ಧವಾಗಿತ್ತು. ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಹನ್ನೊಂದನೇ ದಿನ ಹಗ್ಗ ಎಳೆದ. ಹತ್ತಿಕೊಂಡಿತು. ಈ ಎಂಜಿನ್ನು ಹಳೆಯದರ ಹಾಗಲ್ಲ. ಕಾಲೆತ್ತಿದರೂ ಆರುವುದಿಲ್ಲ. ನಿಂತಲ್ಲೇ ಗುಡುಗುಡು ಅನ್ನುತ್ತಾ ಗಾಡಿಯನ್ನೆಲ್ಲ ನಡುಗಿಸುತ್ತದೆ, ಬಿಡು ಬಿಡು ಅನ್ನುವ ಹಾಗೆ. ಚೌಡಪ್ಪ ಏರಿ ಕೂತು, ಹಿಡಿಯನ್ನು ಮುಂದಕ್ಕೆ ತಳ್ಳಿ, ತುಳಿದ. ಗಾಡಿ ಹಿಂದಕ್ಕೆ ಹಾರಿ ಪಾಪಮ್ಮನ ಹುಲ್ಲಿನ ಬಣವೆಗೆ ಹೊಕ್ಕಿತು.

ಪಾಪಮ್ಮ ಓಡಿ ಬಂದಳು. "ಲೇ ಚೌಡಾ, ನನ್ನ ಮೇಕೆ ತಿಂದಾಯ್ತು, ಈಗ ಹುಲ್ಲು ತಿನ್ನಕ್ಕೆ ಬಂದ್ಯೇನ್ಲಾ?"

ರತ್ನ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚೌಡಪ್ಪ ಮೈಮೇಲಿನ ಹುಲ್ಲು ಒದರಿಕೊಂಡು ಇಳಿದು, ಬಗ್ಗಿ ನೋಡಿ, ತಲೆ ಕೆರೆದುಕೊಂಡ. ಹಳೇ ಎಂಜಿನ್ನು ಒಂದು ಕಡೆಗೆ ತಿರುಗುತ್ತಿತ್ತಂತೆ, ಇದು ಇನ್ನೊಂದು ಕಡೆಗೆ. ಅದಕ್ಕೆ ಗಾಡಿಗೂ ದಿಕ್ಕು ಉಲ್ಟಾ.

"ಅಷ್ಟೇ ಅತ್ತಿಗೆ. ಹಿಂದಕ್ಕೆ ಎಳುದ್ರೆ ಮುಂದಕ್ಕೆ ಹೋಗ್ತದೆ, ಮುಂದಕ್ಕೆ ತಳ್ಳುದ್ರೆ ಹಿಂದಕ್ಕೆ. ಗ್ಯಾನ ಇಟ್ಕೊಂಡ್ರೆ ಆಯ್ತು."

"ಗ್ಯಾನ ಇಲ್ದಿದ್ರೆ?"

"ಏಂ ಕಾದುಲೇ ಅಕ್ಕಾ" ಅಂದಳು ರತ್ನ.

ಮಾರನೆಯ ದಿನದಿಂದ ಅವಳು ಮತ್ತೆ ತೋಟಕ್ಕೆ ಹೊರಟಳು. ಹಿಡಿ ಹಿಂದಕ್ಕೆ ಎಳೆದು ಮುಂದಕ್ಕೆ ಹೋಗುವುದು. ಹಾಗಾಗಿ ಮುಂದಕ್ಕೆ ಹೋಗುವಾಗಲೆಲ್ಲ ಪೀಂ ಪೀಂ. ದಾರಿಯುದ್ದಕ್ಕೂ ನಾಯಿಗಳು ಬೊಗಳುತ್ತಾ ಹಿಂಬಾಲಿಸಿದವು. ಹಿಂದಕ್ಕೆ ಹೋಗುವಾಗ ಮಾತ್ರ ಸದ್ದಿಲ್ಲ. ಒಂದು ವಾರ ಊರಿನವರು ಬೈದರು. ಎಂಟನೇ ದಿನ ಚೌಡಪ್ಪ ಆ ಪೀಂ ಪೀಂ ಸದ್ದಿನ ತಂತಿಯನ್ನೇ ಕಿತ್ತ. ಆಮೇಲೆ ಮುಂದಕ್ಕೂ ಸದ್ದಿಲ್ಲ, ಹಿಂದಕ್ಕೂ ಸದ್ದಿಲ್ಲ.

ನಾನು ದಿನಾ ಹೇಳಿದೆ. ಸರಿ ಮಾಡು, ಸರಿ ಮಾಡು. ಹೇಳುತ್ತಲೇ ನಾನೂ ಓಡಿಸುತ್ತಿದ್ದೆ. ಹದಿನೈದು ದಿನ ಯೋಚನೆ ಮಾಡಿ ಓಡಿಸಿದೆ. ಆಮೇಲೆ ಯೋಚನೆ ಬೇಕಾಗಲಿಲ್ಲ. ಕೈ ತಾನೇ ಹಿಂದಕ್ಕೆ ಎಳೆಯುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿತ್ತು. ಮುದ್ದೆ ಕಟ್ಟುವ ಕೈಗೆ ಯಾರು ಹೇಳಿಕೊಡುತ್ತಾರೆ? ಹಾಗೆ.

ಆ ವರ್ಷ ಮಳೆ ನಿಲ್ಲಲಿಲ್ಲ. ನಮ್ಮ ಕಡೆ ಮಳೆ ಬಂದರೆ ಜನ ಹಲ್ಲು ಕಿರಿಯುತ್ತಾರೆ. ಆ ವರ್ಷ ಯಾರೂ ಕಿರಿಯಲಿಲ್ಲ. ರಾಗಿ ತೆನೆ ಹೊಲದಲ್ಲೇ ಕಪ್ಪಾಯಿತು. ಹೊಂಡ ಒಂದೊಂದು ದಿನ ಒಂದೊಂದು ಗೇಣು ಏರಿತು. ಮೇಕೆಯ ಗೀರುಗಳು ಮುಳುಗಿದವು. ಕಲ್ಲು ಕಂಬಗಳ ಮೇಲೆ ಪಾಚಿ ಬೆಳೆಯಿತು. ಸೊಪ್ಪು ತುಂಬುವಾಗ ಬೆನ್ನ ಹಿಂದೆ ನೀರು ಪ್ಲಾಸ್ಟಿಕ್ಕಿಗೆ ತಟ್ಟುವ ಸದ್ದು ಕೇಳುತ್ತಿತ್ತು, ಯಾರೋ ನಾಲಿಗೆ ಚಪ್ಪರಿಸಿದ ಹಾಗೆ.

ಆಯುಧಪೂಜೆಯ ದಿನ ಗಾಡಿ ತೊಳೆದು, ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದೆವು. ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು. ಅಕ್ಕಪಕ್ಕದವರು ಸೇರಿದ್ದರು. ಚೌಡಪ್ಪ ಹೊಸ ಶರ್ಟು ಹಾಕಿಕೊಂಡು ಏರಿ ಕೂತ. ಜನ ನೋಡುತ್ತಿದ್ದಾರೆ ಅನ್ನುವ ಹಮ್ಮೋ ಏನೋ, ಹಿಡಿ ಮುಂದಕ್ಕೆ ತಳ್ಳಿ ತುಳಿದೇಬಿಟ್ಟ. ಗಾಡಿ ಪೀಂ ಅನ್ನದೆ ಹಿಂದಕ್ಕೆ ಹೋಯಿತು. ಹಿಂದೆ ಆರತಿ ತಟ್ಟೆ ಹಿಡಿದು ನಿಂತಿದ್ದ ಪಾಪಮ್ಮ ಹಾರಿಕೊಂಡಳು. ತಟ್ಟೆ ಬಿತ್ತು. ನಾಲ್ಕು ನಿಂಬೆಹಣ್ಣೂ ಇಟ್ಟಲ್ಲೇ ಇದ್ದವು, ಒಂದೂ ಒಡೆದಿರಲಿಲ್ಲ.

ಪಾಪಮ್ಮ ತಟ್ಟೆ ಎತ್ತಿಕೊಳ್ಳುತ್ತಾ, "ಇದು ಒಳ್ಳೇದಲ್ಲ ಕಣೋ ಚೌಡಾ" ಅಂದಳು.

ರತ್ನ ಕೋಲೂರಿಕೊಂಡು ಬಂದು ಗಂಡನನ್ನು ಇಳಿಸಿ, ತಾನೇ ಏರಿ, ಹಿಡಿ ಹಿಂದಕ್ಕೆ ಎಳೆದು, ಹಣ್ಣುಗಳ ಮೇಲೆ ಪಚಪಚ ಹತ್ತಿಸಿದಳು. "ನೋಡಿದ್ರಾ? ಗಾಡಿಗೇನಾಗೈತೆ? ಇವ್ರ ತಲೆ ಕೆಟ್ಟೈತೆ ಅಷ್ಟೇ" ಅಂದಳು. ಎಲ್ಲರೂ ನಕ್ಕರು.

ನನಗೆ ನಿಂಬೆಹಣ್ಣಿನ ಹೆದರಿಕೆ ಇಲ್ಲ. ಹೊಂಡದ ಹೆದರಿಕೆ ಇತ್ತು. ಅವತ್ತು ಊಟಕ್ಕೆ ಬಡಿಸುವಾಗ ಚೌಡಪ್ಪನಿಗೆ ಹೇಳಿದೆ. "ಇವತ್ತು ಹಿಂದೆ ಪಾಪಮ್ಮ ಇದ್ಲು, ಹಾರ್ಕೊಂಡ್ಲು. ತೋಟದಾಗೆ ಹಿಂದೆ ಇರೋದು ನೀರು. ನೀನದನ್ನ ಸರಿ ಮಾಡೋ ಗಂಟ ನಿನಗೆ ನನ್ನ ಕೈಯೂಟ ಇಲ್ಲ." ಹೇಳಿದ ಹಾಗೆ ಮಾಡಿದೆ. ಅವನು ಹೆಂಡತಿ ಕೈಯಲ್ಲಿ ಬಡಿಸಿಕೊಂಡು ತಿಂದ. ಅವಳಿಗೆ ಒಲೆಯ ಮುಂದೆ ಕೂರಲಾಗದು. ಕಷ್ಟಪಟ್ಟಳು. ನಾನು ಜಗ್ಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅವನು ಗಾಡಿಯ ಕೆಳಗೆ ನುಸುಳಿದ. ಹಿಡಿಯಿಂದ ಗೇರ್ ಪೆಟ್ಟಿಗೆಗೆ ಹೋಗುವ ಕಂಬಿಯನ್ನು ಬಿಚ್ಚಿ ಆಚೆ ಬದಿಗೆ ಸಿಕ್ಕಿಸಿದ. ಒಂದು ಗಂಟೆಯ ಕೆಲಸ. ಮೂರು ತಿಂಗಳು ಬೇಡಿದ್ದು ಒಂದು ಗಂಟೆಯ ಕೆಲಸ.

"ಬಾ ಅತ್ತಿಗೆ, ನೋಡು. ಮುಂದಕ್ಕೆ ತಳ್ಳುದ್ರೆ ಮುಂದಕ್ಕೆ. ಹಿಂದಕ್ಕೆ ಎಳುದ್ರೆ ಹಿಂದಕ್ಕೆ. ಸಮಾಧಾನ ಆಯ್ತಾ? ಇನ್ನು ಊಟ ಹಾಕ್ತೀಯಾ?"

ಅಂಗಳದಲ್ಲಿ ನಾನೇ ನಾಲ್ಕು ಸುತ್ತು ಓಡಿಸಿದೆ. ರತ್ನನೂ ಓಡಿಸಿದಳು, ಎರಡು ಸಲ ತಪ್ಪಿದಳು, ನಕ್ಕಳು. "ಈಗ ಕಲ್ತಿದ್ನ ಮರೀಬೇಕಲ್ಲಕ್ಕಾ" ಅಂದಳು. ಅವನಿಗೆ ಬಿಸಿ ಮುದ್ದೆ ಹಾಕಿದೆ. ಮೂವರೂ ಒಟ್ಟಿಗೆ ಉಂಡೆವು. ಎಷ್ಟೋ ದಿನದ ಮೇಲೆ ಅವತ್ತು ಚೆನ್ನಾಗಿ ನಿದ್ದೆ ಬಂತು ನನಗೆ.

ಮೂರನೇ ದಿನ ಬೆಳಗ್ಗೆ. ಥಂಡಿ ಗಾಳಿ. ರತ್ನನಿಗೆ ಸೊಂಟ ಹಿಡಿದಿತ್ತು. ಓಡಿಸಲಾಗದು ಅಂದಳು, ಆದರೆ ಮನೆಯಲ್ಲಿ ಕೂರಲು ಒಪ್ಪಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ಎರಡು ದಿನ ಇತ್ತು, ಸೊಪ್ಪು ಬಹಳ ಬೇಕು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಟವೆಲ್ಲು ಸುತ್ತಿ ಕಟ್ಟಿದೆ. ಎರಡು ಸುತ್ತು, ಮೇಲೆ ಗಂಟು. ನಾನು ಮುಂದೆ ಕೂತೆ. ಹಿಡಿ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಿಕೊಂಡೆ, ಮುಂದಕ್ಕೆ ಅಂದರೆ ಮುಂದಕ್ಕೆ. ತಳ್ಳಿದೆ. ಸರಿಯಾಗಿ ಹೋಯಿತು. ಬದುವಿನ ಹತ್ತಿರ ತಿರುಗಿಸುವಾಗಲೂ ಹೇಳಿಕೊಂಡೇ ತಿರುಗಿಸಿದೆ. ಹೊಂಡಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಎಂಜಿನ್ನು ಆರಿಸಲಿಲ್ಲ. ಆರಿಸಿದರೆ ಮತ್ತೆ ಹಗ್ಗ ಎಳೆಯಲು ಥಂಡಿಯಲ್ಲಿ ನನ್ನ ತೋಳಿಗೆ ಆಗುತ್ತಿರಲಿಲ್ಲ.

ಸೊಪ್ಪು ಕುಯ್ದು ಹೊರೆ ಹೊರೆಯಾಗಿ ಅವಳ ಪಕ್ಕಕ್ಕೆ, ಕಾಲ ಬುಡಕ್ಕೆ, ಮಡಿಲಿಗೆ ತುಂಬಿದೆ. ಅವಳು ಸೊಪ್ಪಿನ ನಡುವೆ ಕೂತು ಒಣಗಿದ ಎಲೆ ಆರಿಸಿ ಎಸೆಯುತ್ತಿದ್ದಳು. ಅವಳ ಮುಂದೆ ಹೊಂಡ ಅಂಚಿನವರೆಗೆ ತುಂಬಿ ನಿಂತಿತ್ತು.

ಬೆಟ್ಟದ ಕಡೆಯಿಂದ ಮಳೆ ಬಂತು. ಬರುವುದು ಕಾಣುತ್ತಿತ್ತು, ಬಿಳಿ ಪರದೆಯ ಹಾಗೆ, ಪಾಪಮ್ಮನ ಹೊಲ ದಾಟಿ. ನೆಂದ ಸೊಪ್ಪು ಹಾಕಿದರೆ ಆ ವಯಸ್ಸಿನ ಹುಳ ಉಳಿಯುವುದಿಲ್ಲ. ಒಂದು ಬೆಳೆ ಆಗಲೇ ತಿಪ್ಪೆಗೆ ಹೋಗಿತ್ತು.

"ಅಕ್ಕಾ, ಬಿರ್ರನೆ! ಸೊಪ್ಪು ನೆನೀತದೆ!" ಅಂತ ರತ್ನ ಕೂಗಿದಳು.

ಕೊನೇ ಹೊರೆ ಎಸೆದು ಓಡಿ ಹತ್ತಿದೆ. ಹೇಳಿಕೊಳ್ಳಲಿಲ್ಲ. ಕೈ ಹಿಡಿಯನ್ನು ಹಿಂದಕ್ಕೆ ಎಳೆಯಿತು, ಕಾಲು ಪೂರ್ತಿ ತುಳಿಯಿತು. ಮೂರು ತಿಂಗಳು ಮಾಡಿದ ಹಾಗೆಯೇ ಮಾಡಿದವು.

"ಅಕ್ಕಾ, ನೀರು" ಅಂದಳು ರತ್ನ. ಕೂಗಲಿಲ್ಲ. ಬಿಂದಿಗೆಯಲ್ಲಿ ನೀರಿದೆ ಅನ್ನುವ ಹಾಗೆ ಅಂದಳು. ನನಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಮುಖ ನಾನು ನೋಡಲಿಲ್ಲ.

ನಾನು ಹಾರಿದೆನೋ ಬಿದ್ದೆನೋ ಗೊತ್ತಿಲ್ಲ. ಬದುವಿನ ಕೆಸರಿನಲ್ಲಿದ್ದೆ. ಗಾಡಿ ಪ್ಲಾಸ್ಟಿಕ್ಕಿನ ಮೇಲೆ ಜಾರಿ ಹಿಂಭಾಗ ಮೊದಲು ಇಳಿಯಿತು. ಚಪ್ಪರ ಸ್ವಲ್ಪ ಹೊತ್ತು ಕಂಡಿತು. ಸೊಪ್ಪು ಮೇಲಕ್ಕೆ ಬಂತು, ಹೊರೆ ಹೊರೆ, ಹೊಂಡವೆಲ್ಲ ಹಸಿರಾಯಿತು. ಪೆಟ್ರೋಲಿನ ವಾಸನೆ. ಹಗ್ಗ ಇದ್ದದ್ದು ಆಚೆ ಮೂಲೆಯಲ್ಲಿ. ಹೊಂಡ ಸುತ್ತಿಕೊಂಡು ಓಡಿದೆ. ಹಗ್ಗ ಹಿಡಿದು ಎದೆ ಮಟ್ಟ ಇಳಿದೆ. ಅದು ಗಾಡಿಯ ತನಕ ಮುಟ್ಟಲಿಲ್ಲ. ನನ್ನ ಕೂಗು ಕೇಳಿ ಚೌಡಪ್ಪ ಹುಳದ ಮನೆಯಿಂದ ಓಡಿ ಬಂದು ಧುಮುಕಿದ. ಅವನಿಗೆ ಈಜು ಬರುತ್ತಿತ್ತು. ಮೂರು ಸಲ ಮುಳುಗಿ ಎದ್ದ. ಮೂರನೇ ಸಲ ಎದ್ದು, "ಗಂಟು ಬಿಚ್ತಿಲ್ಲ ಅತ್ತಿಗೆ" ಅಂದ. ಗಂಟು ನಾನು ಹಾಕಿದ್ದು. ನೆಂದ ಟವೆಲ್ಲು ಬಿಗಿಯುತ್ತದೆ. ಆಮೇಲೆ ಊರಿನವರು ಕುಡುಗೋಲು ತಂದರು. ಅಷ್ಟು ಹೊತ್ತಿಗೆ ಅವಸರ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಪೊಲೀಸಿನವರು ಬಂದು ಜಗಲಿಯ ಮೇಲೆ ಕೂತು ಬರೆದುಕೊಂಡರು. ಚೌಡಪ್ಪ ಒದ್ದೆ ಬಟ್ಟೆಯಲ್ಲೇ ನಿಂತು, "ಗಾಡೀದು ಗೇರು ಸರಿಯಿರಲಿಲ್ಲ ಸಾರ್. ನಾನು ಮಾಡಿದ್ದು, ನನ್ನ ತಪ್ಪು" ಅಂದ.

ನಾನು ಅವನನ್ನು ಪಕ್ಕಕ್ಕೆ ಸರಿಸಿದೆ. "ಗಾಡಿ ಸರಿಯಾಗಿತ್ತು. ಸರಿ ಮಾಡಿಸಿದ್ದು ನಾನು. ಓಡಿಸಿದ್ದು ನಾನು" ಅಂದೆ. ಬರೆಯುವವನು ತಲೆ ಎತ್ತಿ ನನ್ನನ್ನು ನೋಡಿದ. ಕೈ ತಪ್ಪಿ ಆದದ್ದು ಅಂತ ಬರೆದ. ಹೆಬ್ಬೆಟ್ಟು ಒತ್ತಮ್ಮ ಅಂದ. ನನಗೆ ಸಹಿ ಬರುತ್ತದೆ ಅಂದು ಸಹಿ ಹಾಕಿದೆ.

ಯಾರೂ ನನ್ನನ್ನು ಬೈಯಲಿಲ್ಲ. ಚೌಡಪ್ಪನೂ ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ, ಹಾಗಾದರೂ ದಿನ ಹೋಗುತ್ತಿದ್ದವು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಪಾಪಮ್ಮ ತನ್ನ ತೋಟದ ಸೊಪ್ಪು ತಂದು ಹುಳದ ಮನೆ ಬಾಗಿಲಲ್ಲಿ ಇಟ್ಟು ಹೋಗಿದ್ದಳು. ಒಣಗಿದ ಬಟ್ಟೆಯಲ್ಲಿ ಒರೆಸಿದ ಸೊಪ್ಪು. ಹಾಕಿದೆ. ಒಳಗೆಲ್ಲ ಮಳೆ ಬಿದ್ದ ಹಾಗೆ ಸದ್ದಾಯಿತು. ಎರಡು ದಿನಕ್ಕೆ ಹುಳ ಹಣ್ಣಾಗಿ ಬಿದಿರಿನ ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿತು. ಅಂಥ ಗೂಡು ನಮ್ಮ ಮನೆಯಲ್ಲಿ ಮೊದಲು ಆಗಿರಲಿಲ್ಲ.

ಆ ವಾರವೇ ಕಲ್ಲು ಕಂಬಗಳನ್ನು ನೆಟ್ಟರು. ನೆಲ ಗಟ್ಟಿಯಾಗಿದೆ ಅಂತಲೂ ಯಾರೂ ಹೇಳಲಿಲ್ಲ, ಮೆತ್ತಗಾಗಿದೆ ಅಂತಲೂ ಹೇಳಲಿಲ್ಲ. ಹೊಂಡದಿಂದ ಎತ್ತಿದ ಗಾಡಿ ಹೊಂಗೆ ಮರದ ಕೆಳಗೆ ಒಂದು ವರ್ಷ ಬಿದ್ದಿತ್ತು. ಕೋಳಿಗಳು ಸೀಟಿನ ಕೆಳಗೆ ಮೊಟ್ಟೆ ಇಟ್ಟವು. ಮುಂದಿನ ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು ಸೊಪ್ಪು ಬಾಡಿದಾಗ ನಾನೇ ಹೇಳಿದೆ, "ಆ ಎಂಜಿನ್ನು ಬಿಚ್ಚಿ ಪಂಪಿಗೆ ಹಾಕೋ."

ಚೌಡಪ್ಪ ನನ್ನ ಮುಖ ನೋಡಿದ. ಆಮೇಲೆ ಬಿಚ್ಚಿದ. ಕೆಸರು ತೆಗೆದು, ಒರೆಸಿ, ಆಯಿಲ್ ಬದಲಿಸಿ, ಪಂಪಿಗೆ ಕೂರಿಸಿ ಹಗ್ಗ ಎಳೆದ. ಎರಡನೇ ಎಳೆತಕ್ಕೆ ಹತ್ತಿಕೊಂಡಿತು. ಅದಕ್ಕೇನೂ ಆಗಿರಲಿಲ್ಲ. ಪಂಪಿಗೆ ಅದು ಸರಿಯಾದ ದಿಕ್ಕಿಗೇ ತಿರುಗುತ್ತದೆ. ಅದು ಯಾವತ್ತೂ ಅದೇ ದಿಕ್ಕಿಗೇ ತಿರುಗುತ್ತಿತ್ತು.

ಈಗ ಅವನಿಗೆ ತೋಳು ನೋವು, ಬಿಸಿಲೇರಿದ ಮೇಲೆ ಹಗ್ಗ ನಾನು ಎಳೆಯುತ್ತೇನೆ. ಸೊಪ್ಪಿನ ಹೊರೆಯನ್ನು ಅದರ ಹತ್ತಿರಕ್ಕೆ ಬಿಡುವುದಿಲ್ಲ, ಹಾಗಾಗಿ ಮನೆಯಲ್ಲಿ ಆ ವಾಸನೆ ಬರುವುದಿಲ್ಲ. ನಂಗಲಿಯಲ್ಲಿ ನನಗೆ ಅದರ ಎಣಿಕೆ ಇರಲಿಲ್ಲ. ನೀರು ಹರಿಯುವ ತನಕ ಬದುವಿನ ಮೇಲೆ ಕೂರುತ್ತೇನೆ, ಹೊಂಡಕ್ಕೆ ಮುಖ ಮಾಡಿ, ಅವಳು ಕೂತಿದ್ದ ಹಾಗೆ. ಎಂಜಿನ್ನು ಹಿಂದೆ ಗುಡುಗುಡು ಅನ್ನುತ್ತಿರುತ್ತದೆ. ಒಂದೊಂದು ಸಲ ನೋಡಿದರೆ ನನ್ನ ಬಲಗೈ ಬೆರಳು ಮಡಚಿಕೊಂಡು, ತೊಡೆಯ ಪಕ್ಕದಲ್ಲಿ ಇಲ್ಲದ ಹಿಡಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ.